ಒಂದು ಗೇಣು ಹೆಚ್ಚಿದ್ದ ಹಾಸಿಗೆ

ಚಳಿ ಆಗಷ್ಟೇ ಹಿಡಿದಿತ್ತು. ಸಂಜೆ, ಬೀದಿದೀಪ ಹತ್ತುವ ಹೊತ್ತು. ತಮ್ಮನ ಹೆಂಡತಿ ಚಹಾ ಸೋಸುತ್ತಿದ್ದಳು, ನಾನು ಅಡುಗೆಮನೆಯ ಹೊಸ್ತಿಲ ಪಕ್ಕ ಕೂತು ಬಟಾಣಿ ಸುಲಿಯುತ್ತಿದ್ದೆ. ಆಗ ಗಿಣಿಯ ಫೋನು ಬಂತು. ಗಿಣಿ ನನ್ನ ತಮ್ಮನ ಮಗಳು. ಮಾತು ಕಲಿತ ದಿನದಿಂದ ಬಾಯಿ ಮುಚ್ಚಿದವಳಲ್ಲ, ಅದಕ್ಕೇ ಆ ಹೆಸರು.

"ಅಮ್ಮಾ, ಈ ಸಲ ವರ್ಷದ ರಜೆಗೆ ನಾವೆಲ್ಲ ಅಲ್ಲಿಗೇ ಬರ್ತೀವಿ. ವಾರ ಪೂರ್ತಿ ಇರ್ತೀವಿ."

"ಬನ್ನಿ ಬನ್ನಿ. ಕೇಳೋದೇನಿದೆ ಅದರಲ್ಲಿ?"

"ಒಂದು ಮಾತು. ಬೇಜಾರು ಮಾಡ್ಕೋಬೇಡ. ಹಾಸಿಗೆ ಸ್ವಲ್ಪ ನೋಡಿ. ಹೋದ ಸಲ ಬಂದು ಹೋದ ಮೇಲೆ ಇವರು ಎಷ್ಟೋ ದಿನ ಸೊಂಟ ಹಿಡ್ಕೊಂಡು ಓಡಾಡಿದ್ರು. ಹಾಸಿಗೆ ಹೊಲಿಯೋರ ಮನೇಲಿ ಜಲ್ಲಿಕಲ್ಲಿನ ಮೇಲೆ ಮಲಗಿ ಬಂದೆ ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳ್ತಾರೆ."

ಗಿಣಿ ಫೋನಿನಲ್ಲಿ ಮಾತಾಡಿದರೆ ಪಕ್ಕದ ಮನೆಗೂ ಕೇಳುತ್ತದೆ. ತಮ್ಮ ಕೆಲಸದ ಕೊಟ್ಟಿಗೆಯಿಂದ ಆಗತಾನೆ ಒಳಗೆ ಬಂದಿದ್ದ. ಹುಬ್ಬಿನ ಮೇಲೆಲ್ಲ ಹತ್ತಿ. ಚಹಾ ಕುಡಿದು ಲೋಟ ಕೆಳಗಿಟ್ಟು, "ಮನೇಲಿರೋ ಹಾಸಿಗೆ ಎಲ್ಲಾ ಬಿಚ್ತೀನಿ. ಹಿಂಜಿ ಹೊಸದಾಗಿ ಹೊಲೀತೀನಿ. ಆಮೇಲೆ ನೋಡೋಣ ಯಾರ ಸೊಂಟ ಹಿಡಿಯುತ್ತೆ ಅಂತ" ಎಂದ.

"ಎಲ್ಲಾ ಅಂದ್ರೆ?" ತಮ್ಮನ ಹೆಂಡತಿ ಸೋಸುವುದನ್ನು ನಿಲ್ಲಿಸಿದಳು.

"ಅದೊಂದು ಬಿಟ್ಟು" ಎಂದ ತಮ್ಮ.

'ಅದು' ಎಂದರೆ ಉದ್ದಣ್ಣನ ಹಾಸಿಗೆ. ಉದ್ದಣ್ಣ ತಮ್ಮನ ಮಗ. ಬಾಗಿಲಲ್ಲಿ ತಲೆ ತಗ್ಗಿಸಿಯೇ ಓಡಾಡಬೇಕಾದವನು. ತಂಗಿ ಕರೆದ ಹೆಸರು ಊರಿಗೆಲ್ಲ ಅದೇ ಆಯಿತು. ಎಲ್ಲರ ಹಾಸಿಗೆಯಲ್ಲೂ ಅವನ ಪಾದ ಹೊರಗೆ ಚಾಚಿಕೊಳ್ಳುತ್ತಿತ್ತು. ಮದುವೆಯಾದಾಗ ತಮ್ಮ ಅವನಿಗೆ ಅಂತಲೇ ನೀಲಿ ಪಟ್ಟಿಯ ಗವಸಿನಲ್ಲಿ ಒಂದು ಗೇಣು ಹೆಚ್ಚು ಉದ್ದದ ಹಾಸಿಗೆ ಹೊಲಿದ. ಹೆಂಡತಿಗೆ ಎಲ್ಲರ ಅಳತೆಯದೇ ಇನ್ನೊಂದು. ಎರಡನ್ನೂ ಒಂದೇ ಮಂಚದ ಮೇಲೆ ಜೋಡಿಸಿದರೆ ಕಾಲ ಹತ್ತಿರ ಒಂದು ಮೂಲೆ ಮುಂದಕ್ಕೆ ಬಂದಿರುತ್ತಿತ್ತು. ಕತ್ತಲಲ್ಲಿ ಹೋದವರೆಲ್ಲ ಅದಕ್ಕೆ ಎಡವುತ್ತಿದ್ದರು.

ಎರಡು ವರ್ಷದ ಹಿಂದೆ ಇದೇ ಚಳಿಯಲ್ಲಿ, ಕೆಲಸ ಮುಗಿಸಿ ಬಂದವನು ಎದೆ ಉರಿಯುತ್ತೆ ಎಂದು ಅದರ ಮೇಲೆ ಮಲಗಿದ. ಊಟಕ್ಕೆ ಎಬ್ಬಿಸಲು ಹೋದರೆ ಏಳಲಿಲ್ಲ. ಅವತ್ತಿನಿಂದ ಆ ಹಾಸಿಗೆಯನ್ನು ಯಾರೂ ಮಡಿಸಿಲ್ಲ, ಮಗುಚಿಲ್ಲ. ಭುಜದ ಹತ್ತಿರ, ಸೊಂಟದ ಹತ್ತಿರ ಹತ್ತಿ ತಗ್ಗಾಗಿ ಅವನ ಮೈಯ ಅಚ್ಚು ಹಾಗೇ ಉಳಿದಿತ್ತು. ತಮ್ಮನ ಹೆಂಡತಿ ದಿನಾ ಸಂಜೆ ಹೋಗಿ ಮೇಲಿನ ಚಾದರ ಮಾತ್ರ ಬದಲಿಸಿ, ಒತ್ತದ ಹಾಗೆ ಅಂಗೈಯಲ್ಲಿ ಸವರಿ ಬರುತ್ತಿದ್ದಳು. ಅದರ ಪಕ್ಕದಲ್ಲೇ ಅವನ ಹೆಂಡತಿ, ನಮ್ಮ ಸೊಸೆ, ಮಲಗುತ್ತಿದ್ದಳು. ಬೇರೆಲ್ಲಿ ಮಲಗುತ್ತಾಳೆ, ಅವಳ ಕೋಣೆ ಅದೇ ತಾನೆ ಎಂದು ನಾವೆಲ್ಲ ಇದ್ದುಬಿಟ್ಟಿದ್ದೆವು.

ಅವತ್ತು ಊಟಕ್ಕೆ ಕೂತಾಗ ಲೆಕ್ಕ ಶುರುವಾಯಿತು. ಗಿಣಿ, ಅಳಿಯ, ಇಬ್ಬರು ಮಕ್ಕಳು. ಎಲ್ಲ ಹಾಸಿಗೆ ಹೊಸದು ಮಾಡಿದರೂ ಮಕ್ಕಳಿಗೆ ಒಂದು ಕಡಿಮೆ ಬೀಳುತ್ತಿತ್ತು.

"ಹತ್ತಿ ತನ್ನಿ" ಎಂದಳು ತಮ್ಮನ ಹೆಂಡತಿ.

"ಎಲ್ಲಿಂದ ತರ್ಲಿ? ಹತ್ತಿ ಮಂಡಿಯವನು ಸ್ಪಂಜು ಮಾರ್ತಾ ಕೂತಿದಾನೆ. ಈ ತಿಂಗಳು ಎಲ್ಲರ ಮನೆಗೂ ನೆಂಟರು. ಇರೋ ಹತ್ತಿ ಗಿರಾಕಿಗಳಿಗೇ ಸಾಲ್ತಿಲ್ಲ."

ಸೊಸೆ ತಟ್ಟೆ ನೋಡುತ್ತಲೇ, "ಅದನ್ನೂ ಬಿಚ್ಚಿ ಮಾವ" ಎಂದಳು.

ಯಾರೂ ಅಗಿಯಲಿಲ್ಲ.

"ಏನಂದೆ?" ಎಂದಳು ತಮ್ಮನ ಹೆಂಡತಿ.

"ಯಾರೂ ಮಲಗದ ಹಾಸಿಗೆ ಒಂದಿದೆಯಲ್ಲ ಅತ್ತೆ. ಮಕ್ಕಳಿಗಾಗುತ್ತೆ."

"ಯಾರೂ ಮಲಗದ ಹಾಸಿಗೆ! ನನ್ನ ಮಗ ಮಲಗಿದ್ದ ಜಾಗ ಅದು. ನಿನ್ನ ಬಾಯಲ್ಲಿ ಈ ಮಾತು ಹೇಗಾದ್ರೂ ಬಂತು?"

"ಬಾಯಲ್ಲಿ ಬರೋಕೆ ಎರಡು ವರ್ಷ ಆಯ್ತು."

"ಸಾಕು. ಅನ್ನ ತಣ್ಣಗಾಗ್ತಿದೆ" ಎಂದ ತಮ್ಮ. ಅನ್ನ ಆಗಲೇ ತಣ್ಣಗಾಗಿತ್ತು.

ಮಾರನೆಯ ದಿನದಿಂದ ಮನೆ ತಲೆಕೆಳಗಾಯಿತು. ಗೋಡೆಗೆ ಸುಣ್ಣ, ಕಿಟಕಿಗೆ ಬಣ್ಣ. ಅಟ್ಟದ ಪಾತ್ರೆಗಳೆಲ್ಲ ಅಂಗಳಕ್ಕೆ ಬಂದವು. ತಮ್ಮನ ಹೆಂಡತಿ ಬೈಯುತ್ತಲೇ ತೊಳೆದಳು, ತೊಳೆಯುತ್ತಲೇ ಬೈದಳು. ಸೊಸೆ ಬೆಳಿಗ್ಗೆ ನೆಲ ಒರೆಸಿ ಕನ್ನಡಕದ ಅಂಗಡಿಗೆ ಹೋಗುತ್ತಿದ್ದಳು. ಗಾಜು ಉಜ್ಜಿ ಅಳತೆಗೆ ತರುವುದು ಅವಳ ಕೆಲಸ. ತನ್ನ ಮಾವನಿಗೂ ಒಂದು ಕನ್ನಡಕ ಮಾಡಿ ತಂದು ಕೊಟ್ಟಿದ್ದಳು. ಅವನು ಅದನ್ನು ದಬ್ಬಳ ಇಡುವ ಡಬ್ಬಿಯಲ್ಲಿ ಮಲಗಿಸಿಬಿಟ್ಟಿದ್ದ. "ನನಗೆ ಕೈಯಲ್ಲೇ ಕಣ್ಣಿದೆ. ಗವಸು ಮುಟ್ಟಿದ್ರೆ ಯಾರ ಮನೆ ಹಾಸಿಗೆ ಅಂತ ಹೇಳ್ತೀನಿ" ಎನ್ನುತ್ತಿದ್ದ. ಹೇಳುತ್ತಲೂ ಇದ್ದ, ಅದು ಸುಳ್ಳಲ್ಲ.

ಒಂದು ರಜದ ದಿನ ಸೊಸೆ ಮತ್ತು ನಾನು ಕಿಟಕಿ ಒರೆಸುತ್ತಿದ್ದೆವು. ಅವಳು ಒಳಗಿನಿಂದ, ನಾನು ಹೊರಗಿನಿಂದ.

"ದೊಡ್ಡತ್ತೆ, ನಮ್ಮ ಅಂಗಡಿ ಯಜಮಾನರು ಬೇರೆ ಊರಲ್ಲಿ ಇನ್ನೊಂದು ಅಂಗಡಿ ತೆಗೀತಿದಾರೆ. ನೀನೇ ಹೋಗಿ ನೋಡ್ಕೋ ಅಂತಾರೆ. ಅಂಗಡಿ ಮೇಲೆ ಒಂದು ಕೋಣೆನೂ ಇದೆಯಂತೆ. ರಜೆ ಮುಗಿದ ಸೋಮವಾರ ಹೋಗಿ ಸೇರ್ಬೇಕು. ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತಾರೆ."

"ಹೋಗ್ತೀಯಾ?"

"ಅತ್ತೆಗೆ ಹೇಗೆ ಹೇಳ್ಲಿ?"

"ಬಾಯಲ್ಲಿ ಹೇಳು."

ಅವಳು ನಕ್ಕಳು. ಗಾಜಿನ ಮೇಲೆ ಒಂದೇ ಜಾಗ ಉಜ್ಜುತ್ತ ನಿಂತಳು. ಆಮೇಲೆ, "ಎರಡು ವರ್ಷದಿಂದ ನಾನು ಆ ಕಡೆಗೆ ಹೊರಳಿಲ್ಲ ದೊಡ್ಡತ್ತೆ" ಎಂದಳು. "ಗೋಡೆ ಕಡೆ ಮುಖ ಮಾಡಿ ಮಲಗ್ತೀನಿ. ಬೆನ್ನ ಹಿಂದೆ ಆ ತಗ್ಗು ಇರುತ್ತೆ. ಒಂದೊಂದು ದಿನ ಅದರಲ್ಲಿ ಭಾರ ಬಂದ ಹಾಗೆ ಆಗುತ್ತೆ. ತಿರುಗಿ ನೋಡೋಕೆ ಧೈರ್ಯ ಇಲ್ಲ. ಇದಾರೆ ಅನ್ನೋಕೂ ಭಯ, ಇಲ್ಲ ಅನ್ನೋಕೂ ಭಯ."

ನಾನು ಬಟ್ಟೆ ಹಿಂಡಿದೆ.

ನಮ್ಮ ಕಸುಬಿನಲ್ಲಿ ಅಪ್ಪನ ಕಾಲದಿಂದ ಒಂದು ಕಟ್ಟುಪಾಡು ಇದೆ. ಒಂದು ಸಲಕ್ಕೆ ಒಂದೇ ಹಾಸಿಗೆ ಬಿಚ್ಚಬೇಕು. ಅದರ ಹತ್ತಿ ಹಿಂಜಿ ಅದರ ಗವಸಿಗೇ ತುಂಬಿ, ಬಾಯಿ ಹೊಲಿದ ಮೇಲೆಯೇ ಇನ್ನೊಂದಕ್ಕೆ ಕತ್ತರಿ ಹಾಕಬೇಕು. ಒಬ್ಬರು ಮಲಗಿದ ಹತ್ತಿ ಇನ್ನೊಬ್ಬರ ಮೈಕೆಳಗೆ ಹೋಗಬಾರದು. ತಮ್ಮ ಇದನ್ನು ಯಾವತ್ತೂ ಮೀರಿದವನಲ್ಲ. ಆದರೆ ಆ ತಿಂಗಳು ಗಿರಾಕಿಗಳು ಮುಗಿಬಿದ್ದಿದ್ದರು. ಸಾಲದ್ದಕ್ಕೆ ಹಿಂಜುವ ಯಂತ್ರದ ಪಟ್ಟಿ ಹರಿದು ಕೆಲಸ ನಿಂತಿತು. ನಮ್ಮ ಮನೆಯದು ಹಿಂದೆ ಬಿತ್ತು, ಹಿಂದೆ ಬಿತ್ತು, ಕಡೆಗೆ ಗಿಣಿ ಬರುವುದು ನಾಡಿದ್ದು ಎನ್ನುವಷ್ಟು ಹತ್ತಿರ ಬಂತು.

ಅವತ್ತು ಬೆಳಿಗ್ಗೆ ಸೊಸೆ ಅಂಗಡಿಗೆ ಹೋದ ಮೇಲೆ ತಮ್ಮನ ಹೆಂಡತಿ ಒಂದು ಕೆಲಸ ಮಾಡಿದಳು. ಉದ್ದಣ್ಣನ ಹಾಸಿಗೆಯನ್ನು ಕೋಣೆಯಲ್ಲಿ ಬಿಟ್ಟರೆ ಮೊಮ್ಮಕ್ಕಳು ಹತ್ತಿ ಕುಣಿಯುತ್ತಾರೆ, ಗಿಣಿ ಕಂಡರೆ ಅಳುತ್ತಾಳೆ ಎಂದು ಅದನ್ನು ತನ್ನ ಮಂಚದ ಕೆಳಗೆ ಬಚ್ಚಿಡುವ ಯೋಚನೆ ಅವಳದು. ನೀಲಿ ಪಟ್ಟಿ ಕಾಣದ ಹಾಗೆ ಹಳೆಯ ಬಿಳಿ ಚಾದರ ಸುತ್ತಿ, ಕಾಲ ಕಡೆಯ ಗೇಣನ್ನು ಒಳಕ್ಕೆ ಮಡಿಚಿ, ಸುತ್ತ ಕೈಹೊಲಿಗೆ ಹಾಕಿದಳು. ಕೆಳಗೆ ತಳ್ಳುವ ಮುಂಚೆ ಒಂದಿಷ್ಟು ಬಿಸಿಲು ಕಾಣಲಿ ಎಂದು ಅಂಗಳದ ಗೋಡೆಗೆ ಒರಗಿಸಿದಳು. ಅಲ್ಲಿ ಮನೆಯ ಉಳಿದ ಹಾಸಿಗೆಗಳೂ ಇದ್ದವು. ಯಾರಿಗೂ ಹೇಳದೆ ಚೀಲ ಹಿಡಿದು ಸಂತೆಗೆ ಹೋದಳು.

ತಮ್ಮ ಬಂದ. ಗೋಡೆಗಿದ್ದದ್ದನ್ನೆಲ್ಲ ಕೊಟ್ಟಿಗೆಗೆ ಎಳೆದುಕೊಂಡ. "ಒಂದೊಂದಾಗಿ ಮಾಡಿದ್ರೆ ಇವತ್ತಿಗೆ ಮುಗಿಯಲ್ಲ ಅಕ್ಕ. ಎಲ್ಲಾ ನಮ್ಮನೇದೇ ತಾನೆ" ಎಂದು ಒಂದಾದ ಮೇಲೊಂದು ಬಾಯಿ ಸೀಳಿ, ಹತ್ತಿ ಎಲ್ಲ ಒಂದೇ ರಾಶಿಗೆ ಸುರಿದ. ಯಂತ್ರ ಗುಡುಗಿತು. ಮಧ್ಯಾಹ್ನದ ಹೊತ್ತಿಗೆ ಕೊಟ್ಟಿಗೆ ತುಂಬ ಮೊಣಕಾಲೆತ್ತರಕ್ಕೆ ಬೆಳ್ಳಗೆ ಅರಳೆ. ತಮ್ಮ ಅದರ ನಡುವೆ ಹಬ್ಬದ ಮುಖ ಮಾಡಿಕೊಂಡು ನಿಂತಿದ್ದ.

"ನೋಡು ಅಕ್ಕ, ಮಕ್ಕಳಿಗೆ ಸಾಲಲ್ಲ ಅಂತಿದ್ರಲ್ಲ! ಇನ್ನೊಂದು ಹಾಸಿಗೆಗಾಗೋಷ್ಟು ಆಯ್ತು. ಹತ್ತಿ ಅಂದ್ರೆ ಇದು. ಸರಿಯಾಗಿ ಹಿಂಜಿದ್ರೆ ಹೆಚ್ಚುತ್ತೆ."

ಒಗೆಯಲು ಹಾಕೋಣ ಎಂದು ನಾನು ಮೂಲೆಯಲ್ಲಿದ್ದ ಖಾಲಿ ಗವಸುಗಳನ್ನು ಒಂದೊಂದಾಗಿ ಕೊಡವಿ ಮಡಿಸುತ್ತಿದ್ದೆ. ಒಂದರ ಮೇಲೆ ಇನ್ನೊಂದು ಗವಸಿತ್ತು, ಎರಡನ್ನೂ ಸೇರಿಸಿಯೇ ಸೀಳಿದ್ದ. ಮೇಲಿನ ಬಿಳಿಯದನ್ನು ಬೇರೆ ಮಾಡಿದೆ. ಒಳಗೆ ನೀಲಿ ಪಟ್ಟಿ. ಉಳಿದವುಗಳ ಮೇಲೆ ಇಟ್ಟು ನೋಡಿದೆ. ಒಂದು ಗೇಣು ಹೊರಗೆ ಬಂತು.

"ತಮ್ಮಾ" ಎಂದೆ. "ಯಂತ್ರ ನಿಲ್ಲಿಸು."

ನಿಲ್ಲಿಸಿದ. ಹತ್ತಿರ ಬಂದ. ಕಣ್ಣಿಗೆ ಹತ್ತಿರ ಹಿಡಿದ. ಆಮೇಲೆ ಬೆರಳಿನಲ್ಲಿ ಹೊಲಿಗೆಯ ಗುಂಟ ಸವರಿದ. ತನ್ನದೇ ಹೊಲಿಗೆ.

"ಬಿಡಿಸುವಾಗ ಇದು ಭಾರ ಇದೆಯಲ್ಲ ಅನ್ನಿಸ್ತು" ಎಂದ. "ತೇವ ಹಿಡಿದಿರ್ಬೇಕು ಅನ್ಕೊಂಡೆ."

ಇಬ್ಬರೂ ಅರಳೆಯ ಕಡೆ ನೋಡಿದೆವು. ಅದು ತನ್ನಷ್ಟಕ್ಕೆ ತಾನು ಮೆಲ್ಲಗೆ ಏಳುತ್ತಿತ್ತು. ಹೊಸದಾಗಿ ಹಿಂಜಿದ ಹತ್ತಿ ಹಾಗೇ ಏಳುತ್ತದೆ, ಅದು ನನಗೂ ಗೊತ್ತು. ಆದರೂ ನಾನು ಬಾಗಿಲ ಕಡೆಗೆ ಸರಿದೆ.

ತಮ್ಮನ ಹೆಂಡತಿ ಸಂತೆಯಿಂದ ಬಂದವಳು ಅಂಗಳ ನೋಡಿದಳು. ಗೋಡೆ ಖಾಲಿ. ಚೀಲ ಬಿಟ್ಟು ಓಡಿ ಬಂದಳು. ಆಲೂಗಡ್ಡೆ ಅಂಗಳದ ತುಂಬ ಉರುಳಿದವು.

"ಬಿಳಿ ಚಾದರದ್ದು ಎಲ್ಲಿ?"

ತಮ್ಮ ಬಗ್ಗಿ ಅರಳೆಗೆ ಕೈ ಹಾಕಿದ.

"ಎಲ್ಲಿ ಅಂದೆ! ಆರಿಸಿ ಕೊಡಿ. ನನಗೆ ನನ್ನ ಮಗನದು ಆರಿಸಿ ಕೊಡಿ."

"ಹೇಗೆ ಆರಿಸ್ಲಿ?" ತಮ್ಮ ಬೊಗಸೆಯಲ್ಲಿ ಅರಳೆ ಹಿಡಿದು ನಿಂತಿದ್ದ. "ಇದು ಯಾರದು ಹೇಳು. ನನ್ನದಾ, ನಿನ್ನದಾ, ಅವನದಾ? ಹತ್ತಿಗೆ ಮುಖ ಇದೆಯಾ?"

"ಕೈಯಲ್ಲಿ ಕಣ್ಣಿದೆ ಅಂತಿದ್ರಲ್ಲ! ಕನ್ನಡಕ ಹಾಕೋಕೆ ಏನ್ ಬಂದಿತ್ತು ನಿಮಗೆ?"

"ನಿನಗೇನ್ ಬಂದಿತ್ತು ಅದಕ್ಕೆ ವೇಷ ಹಾಕೋಕೆ? ಕಟ್ಟಿಕೊಂಡ ಗಂಡನಿಗೆ ಒಂದು ಮಾತು ಹೇಳಿದ್ರೆ ನಾಲಿಗೆ ಸವೀತಿತ್ತಾ?"

ಅವಳು ರಾಶಿಯಲ್ಲಿ ಮೊಣಕಾಲೂರಿ ಎರಡೂ ಕೈಯಲ್ಲಿ ಕೆದಕಿದಳು. ಎಲ್ಲ ಕಡೆ ಒಂದೇ ಬಿಳುಪು. ಸೊಸೆ ಅಂಗಡಿಯಿಂದ ಬಂದಾಗ ಅತ್ತೆಯ ತಲೆ, ಸೆರಗು ಎಲ್ಲ ಹತ್ತಿ. ಸೊಸೆ ಅಂಗಳಕ್ಕಿಳಿದು ಆಲೂಗಡ್ಡೆ ಆರಿಸಿದಳು.

ನೆಂಟರು ಬರುವುದು ನಿಲ್ಲುತ್ತದೆಯೇ? ಮಾರನೆಯ ದಿನ ಪೂರ್ತಿ ತಮ್ಮ ಕೂತು ಹೊಲಿದ, ಕನ್ನಡಕ ಹಾಕಿಕೊಂಡು. ಎಲ್ಲ ಹಾಸಿಗೆಗಳಿಗೂ, ಮಕ್ಕಳ ಹೊಸದಕ್ಕೂ ಅದೇ ರಾಶಿಯಿಂದ ತುಂಬಿದ. ನೀಲಿ ಪಟ್ಟಿಯ ಗವಸು ಮಾತ್ರ ಖಾಲಿ ಉಳಿಯಿತು, ತಮ್ಮನ ಹೆಂಡತಿ ಅದನ್ನು ಒಗೆದು ಒಳಗಿಟ್ಟುಕೊಂಡಳು. ಗಿಣಿಗೆ ಇದನ್ನು ಹೇಳುವುದು ಬೇಡ ಎಂದು ಯಾರೂ ಯಾರಿಗೂ ಹೇಳಲಿಲ್ಲ. ಆದರೂ ಎಲ್ಲರಿಗೂ ಗೊತ್ತಿತ್ತು.

ಗಿಣಿಯ ಗಾಡಿ ಬಂತು. ಮನೆಯಲ್ಲಿ ಸದ್ದು ತುಂಬಿತು. ಮೊದಲನೆಯ ಬೆಳಿಗ್ಗೆ ಮೊಟ್ಟೆ ಬ್ರೆಡ್ಡಿನ ಮುಂದೆ ಕೂತು ಅಳಿಯ ಮೈ ಮುರಿದ.

"ಮಾವ, ಹೋದ ಸಲದ ಮಾತು ವಾಪಸ್ ತಗೊಂಡೆ. ಎಂಥಾ ಹಾಸಿಗೆ! ಯಾರೋ ಕೆಳಗಿಂದ ಬೆನ್ನಿಗೆ ಅಂಗೈ ಕೊಟ್ಟು ಹಿಡ್ಕೊಂಡ ಹಾಗಿತ್ತು."

ತಮ್ಮ ಚಹಾಕ್ಕೆ ಎರಡನೆಯ ಸಲ ಸಕ್ಕರೆ ಹಾಕಿಕೊಂಡ.

"ನನ್ನ ಹಾಸಿಗೆ ಉಸಿರಾಡುತ್ತೆ ತಾತ" ಎಂದಳು ಗಿಣಿಯ ದೊಡ್ಡ ಮಗಳು.

"ಹೊಸ ಹತ್ತಿ ಮಗೂ. ಒತ್ತಿದ್ರೆ ಮತ್ತೆ ಏಳುತ್ತೆ."

"ನಾನು ಒತ್ತಲೇ ಇಲ್ಲ."

"ಇವಳ ಕಥೆ ಬಿಡಿ" ಎಂದಳು ಗಿಣಿ. "ಈ ಚಿಕ್ಕವಳು ಇಷ್ಟುದ್ದ ಇದ್ಕೊಂಡು ಬೆಳಿಗ್ಗೆ ನೋಡಿದ್ರೆ ಕೆಳಕ್ಕೆ ಜಾರಿ ಜಾರಿ ಪಾದ ಎರಡೂ ಹೊರಗೆ ಹಾಕ್ಕೊಂಡು ಮಲಗಿದಾಳೆ. ಥೇಟ್ ಅಣ್ಣನ ಹಾಗೆ." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡು ಅಮ್ಮನ ಮುಖ ನೋಡಿದಳು.

ಅಮ್ಮ ಅಳಲಿಲ್ಲ. ನಕ್ಕಳು. ಎರಡು ವರ್ಷದಲ್ಲಿ ನಾನು ಕಂಡ ಮೊದಲ ನಗು ಅದು. ಅದನ್ನು ನೋಡಿ ನನಗೆ ಚಳಿಯಾಯಿತು.

ಅವತ್ತು ಮಧ್ಯಾಹ್ನ ಗಿಣಿ ಮಕ್ಕಳನ್ನು ಕರೆದುಕೊಂಡು ಹೊರಗೆ ಹೋದಾಗ ನಾನು ಒಗೆದ ಬಟ್ಟೆ ಇಡಲು ನಡುಕೋಣೆಗೆ ಹೋದೆ. ತಮ್ಮನ ಹೆಂಡತಿ ಮಕ್ಕಳ ಹಾಸಿಗೆಯ ಮೇಲೆ ಕೆನ್ನೆ ಊರಿ ಮಲಗಿದ್ದಳು. ಎದ್ದಳು, ಅಳಿಯನ ಹಾಸಿಗೆಗೆ ಹೋದಳು, ಅಲ್ಲೂ ಹಾಗೇ ಮಲಗಿದಳು.

"ಏನು ಮಾಡ್ತಿದೀಯೇ?"

"ಎಲ್ಲಿದಾನೆ ಅಂತ ನೋಡ್ತಿದೀನಿ ಅಕ್ಕ" ಎಂದಳು, ಕಳೆದ ಚಮಚ ಹುಡುಕುವವಳ ಹಾಗೆ. "ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಇದಾನೆ."

ಸೊಸೆ ಮಾತ್ರ ನೆಂಟರು ಬಂದ ರಾತ್ರಿಯಿಂದ ನನ್ನ ಕೋಣೆಯಲ್ಲಿ ಚಾಪೆ ಹಾಕಿಕೊಂಡು ಮಲಗುತ್ತಿದ್ದಳು. ವಾರದ ಕಡೆಗೆ ಗಿಣಿಯ ಕಣ್ಣಿಗೆ ಅದು ಬಿತ್ತು. ಗಿಣಿ ನೋಡಿದ್ದನ್ನು ನುಂಗುವವಳಲ್ಲ. ಊಟದ ನಡುವೆ ಕೇಳಿದಳು.

"ಅತ್ತಿಗೆ, ನಿಮ್ಮ ಹಾಸಿಗೆ ಹಾಸಿಟ್ಟ ಹಾಗೇ ಇದೆ. ಒಂದು ದಿನನೂ ಮಲಗಿಲ್ವಲ್ಲ? ಬರೀ ನೆಲದ ಮೇಲೆ ಯಾಕೆ?"

ಸೊಸೆ ಅತ್ತೆಯ ಕಡೆ ನೋಡಿದಳು, ಮಾವನ ಕಡೆ ನೋಡಿದಳು. ಇಬ್ಬರೂ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಅದರಲ್ಲಿ ನಿಮ್ಮಣ್ಣ ಇದಾರೆ" ಎಂದಳು ಸೊಸೆ. "ನಿಮ್ಮದರಲ್ಲೂ ಇದಾರೆ."

ಆಮೇಲೆ ಎಲ್ಲ ಹೊರಗೆ ಬಂತು. ಗಿಣಿಯ ಮುಖ ಸುಣ್ಣದ ಗೋಡೆಯಾಯಿತು.

"ಅವನು ಜೀವ ಬಿಟ್ಟಿದ್ದು ಅದರ ಮೇಲೆ. ನನ್ನ ಮಕ್ಕಳನ್ನ ಅದರ ಮೇಲೆ ಮಲಗಿಸಿದ್ರಾ ಅಮ್ಮಾ?"

"ಅದು ಅಂದ್ರೇನೇ? ನಿನ್ನ ಅಣ್ಣ ಅವನು. ನಿನ್ನ ಮಕ್ಕಳಿಗೆ ಏನ್ ಮಾಡ್ತಾನೆ?"

"ಅಣ್ಣ ಹೋದ ಅಮ್ಮ!"

"ಹೋಗಿಲ್ಲ. ನಿನ್ನ ಗಂಡನ್ನೇ ಕೇಳು, ಬೆನ್ನು ಹಿಡ್ಕೊಂಡವರು ಯಾರು ಅಂತ."

ಅಳಿಯ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡ.

"ಅತ್ತೆ" ಎಂದಳು ಸೊಸೆ. "ನನಗೆ ಬೇರೆ ಊರಲ್ಲಿ ಅಂಗಡಿ ನೋಡ್ಕೊಳ್ಳೋ ಕೆಲಸ ಬಂದಿದೆ. ಸೋಮವಾರ ಹೋಗ್ತೀನಿ. ಅಲ್ಲೇ ಇರ್ತೀನಿ."

ತಮ್ಮನ ಹೆಂಡತಿ ತುತ್ತನ್ನು ತಟ್ಟೆಗೇ ಇಟ್ಟಳು. "ನೀನಿದ್ರೆ ಅವನು ಇದ್ದ ಹಾಗೆ ಅನ್ಕೊಂಡಿದ್ದೆ" ಎಂದಳು. "ನೀನೂ ಹೋದ್ರೆ ಈ ಮನೇಲಿ ಅವನ ಹೆಸರು ಹೇಳೋರು ಯಾರು?"

"ಹೆಸರು ದಿನಾ ಹೇಳೋಣ ಅತ್ತೆ. ನಾನೂ ಹೇಳ್ತೀನಿ, ಎಲ್ಲಿದ್ರೂ. ನನ್ನನ್ನ ಮಾತ್ರ ಅವರ ಪಕ್ಕ ಮಲಗಿಸಬೇಡಿ."

ತಮ್ಮನ ಹೆಂಡತಿ ಎದ್ದು ಕೈ ತೊಳೆದಳು.

ಮಾರನೆಯ ಮಧ್ಯಾಹ್ನ ಅವಳು ಸೊಸೆಯ ಕೋಣೆಗೆ ಹೋದಳು. ಸೊಸೆ ಬಟ್ಟೆ ಜೋಡಿಸುತ್ತಿದ್ದಳು, ನಾನು ಮಡಿಸಿ ಕೊಡುತ್ತಿದ್ದೆ. ಮಂಚದ ಅರ್ಧಕ್ಕೆ ಹಾಸಿಗೆ, ಇನ್ನರ್ಧಕ್ಕೆ ಬರೀ ಹಲಗೆ. ತಮ್ಮನ ಹೆಂಡತಿ ಸೊಸೆಯ ಜಾಗದಲ್ಲಿ ಹೋಗಿ ಮಲಗಿದಳು.

"ಹೀಗೇ ಮಲಗ್ತಿದ್ದೆಯಾ?"

"ಹೂಂ."

"ಅವನ ಕಡೆ ಮುಖ ಮಾಡಿ?"

"ಇಲ್ಲ ಅತ್ತೆ. ಗೋಡೆ ಕಡೆ."

ತಮ್ಮನ ಹೆಂಡತಿ ಗೋಡೆ ಕಡೆ ಹೊರಳಿದಳು. ಹಾಗೇ ಇದ್ದಳು. ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಒಂದು ಸಲ ಅವಳ ಭುಜ ಸೆಟೆಯಿತು, ಹಿಂದೆ ಏನೋ ಸರಿದ ಹಾಗೆ. ಆದರೆ ತಿರುಗಿ ನೋಡಲಿಲ್ಲ. ಎದ್ದು ಕೂತಳು.

"ಎರಡು ವರ್ಷ!" ಎಂದಳು. ಅಷ್ಟೇ.

ಹೊರಗೆ ಹೋಗಿ ನೀಲಿ ಪಟ್ಟಿಯ ಗವಸು ತಂದಳು. ಇಸ್ತ್ರಿ ಹಾಕಿ ಮಡಿಸಿದ್ದಳು.

"ಹಾಸಿಗೆ ಕೊಟ್ರೆ ನೀನು ಒಯ್ಯಲ್ಲ ಅಂತ ಗೊತ್ತು. ಇದು ತಗೋ. ಖಾಲಿ."

ಸೊಸೆ ಎರಡೂ ಕೈಯಲ್ಲಿ ತೆಗೆದುಕೊಂಡಳು. "ಆ ಕೋಣೆ ಕಿಟಕಿಗೆ ಪರದೆ ಇಲ್ಲವಂತೆ. ಹಾಕ್ಕೊಳ್ತೀನಿ."

"ಉದ್ದ ಆಗುತ್ತೆ. ನೆಲಕ್ಕೆ ತಾಗುತ್ತೆ."

"ಕತ್ತರಿಸ್ಕೊಳ್ಲಾ ಅತ್ತೆ?"

ತಮ್ಮನ ಹೆಂಡತಿ ಗವಸಿನ ಕಾಲ ಕಡೆಯ ತುದಿಯನ್ನು ಹಿಡಿದಳು. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಂದು ಗೇಣು ಅಳೆದಳು. ಕೈ ಅಲ್ಲೇ ನಿಂತಿತು.

"ಕತ್ತರಿಸು" ಎಂದಳು.

ಸೊಸೆ ಕತ್ತರಿಸಿದಳು. ಆ ಗೇಣಗಲದ ತುಂಡನ್ನು ತಮ್ಮನ ಹೆಂಡತಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಆ ತುಂಡು ಈಗಲೂ ಅವಳ ಹತ್ತಿರ ಇದೆ. ಅವಳು ಒಂದೇ ಕಡೆ ಮಲಗುವುದಿಲ್ಲ. ಒಂದು ದಿನ ಮಕ್ಕಳು ಮಲಗಿ ಹೋದ ಹಾಸಿಗೆ, ಒಂದು ದಿನ ಅಳಿಯ ಮಲಗಿ ಹೋದದ್ದು, ಒಂದೊಂದು ದಿನ ನನ್ನನ್ನೂ ಎಬ್ಬಿಸಿ ನನ್ನದಕ್ಕೆ ಬರುತ್ತಾಳೆ. ನಾನು ಗೋಡೆ ಕಡೆಗೆ ಸರಿದು ಜಾಗ ಬಿಡುತ್ತೇನೆ. ತಮ್ಮ ಕನ್ನಡಕ ಹಾಕಿಕೊಂಡು, ಒಂದು ಸಲಕ್ಕೆ ಒಂದೇ ಹಾಸಿಗೆ ಬಿಚ್ಚುತ್ತಾನೆ.

ಗಿಣಿ, ಅಳಿಯ, ಮಕ್ಕಳು ಹೊರಟಿದ್ದು ಭಾನುವಾರ ಊಟ ಮುಗಿಸಿ. ಸೊಸೆ ಹೊರಟಿದ್ದು ಸೋಮವಾರ, ಬೆಳಗಿನ ಬಸ್ಸಿಗೆ. ಎರಡು ವರ್ಷದಿಂದ ಸಂತೆ ಬಿಟ್ಟು ಎಲ್ಲಿಗೂ ಹೋಗದ ತಮ್ಮನ ಹೆಂಡತಿ ಅವಳ ಚೀಲ ಹೊತ್ತು ಬಸ್ಸಿನವರೆಗೆ ನಡೆದಳು. ಕಿಟಕಿಯ ಪಕ್ಕ ಅವಳನ್ನು ಕೂರಿಸಿ, "ಅಲ್ಲಿ ಹೇಗೆ ಬೇಕೋ ಹಾಗೆ ಹೊರಳಾಡು" ಎಂದು ಹೇಳಿ, ಒಬ್ಬಳೇ ವಾಪಸು ಬಂದಳು.